ಇಂಜಿನ್ ಎಷ್ಟು ಬಿಚ್ಚಬೇಕು?

ಅಪ್ಪ ತೀರಿಕೊಂಡ ಮೇಲೆ ಅವರ ಹಳೇ ಅಂಬಾಸಿಡರ್ ಮಧುಗಿರಿಯ ನಮ್ಮ ಮನೆಗೆ ಬಂತು. ಬರುವಾಗಲೇ ಹೊಗೆ ಕಾರುತ್ತಿತ್ತು. ಶಿರಾ ಕಡೆ ಹೊರಟರೆ ಬಡವನಹಳ್ಳಿ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು.

ಅಪ್ಪ ಯಾವಾಗಲೂ ಶಿರಾದ ಒಬ್ಬ ಮೆಕ್ಯಾನಿಕ್ ಹತ್ತಿರವೇ ರಿಪೇರಿ ಮಾಡಿಸುತ್ತಿದ್ದರು. ತಮ್ಮನನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಆತ ಸ್ವಲ್ಪ ಹೊತ್ತು ಇಂಜಿನ್ ಸದ್ದು ಕೇಳಿದವನೇ, "ಇಂಜಿನ್ ಪೂರಾ ಇಳಿಸ್ಬೇಕು ಮೇಡಂ. ಬೋರು, ಪಿಸ್ಟನ್ನು, ಎಲ್ಲಾ ಹೊಸದಾಗ್ಬೇಕು" ಅಂದ.

ಇಷ್ಟು ಬೇಗ ಹೆಂಗೆ ಗೊತ್ತಾಯಿತು? ತಮ್ಮ ಬೇರೆ, "ಮಾಡಿಸ್ಬುಡು ಅಕ್ಕಾ, ಯಾಕೆ ಯೋಚ್ನೆ ಮಾಡ್ತೀಯಾ" ಅಂದ. ಒಂದು ಟೈರ್ ಕೊಳ್ಳಲು ಊರೆಲ್ಲಾ ವಿಚಾರಿಸುವವನು ಅವನು. ಇಬ್ಬರೂ ಮುಖ ಮುಖ ನೋಡಿಕೊಂಡದ್ದೂ ನನ್ನ ಕಣ್ಣಿಗೆ ಬಿತ್ತು. ಇದರಲ್ಲಿ ಇವನಿಗೂ ಕಮಿಷನ್ ಇದೆಯಾ?

"ಮೊದಲು ಇಂಜಿನ್ ಮೇಲಿನ ಹೆಡ್ ಮಾತ್ರ ಬಿಚ್ಚಿ. ಅದೂ ನನ್ನ ಮುಂದೆ. ಮಿಕ್ಕಿದ್ದು ಆಮೇಲೆ" ಅಂದೆ.

"ನಂಬ್ಕೆ ಇಲ್ವಾ ಮೇಡಂ?"

"ನೋಡ್ಬೇಕು, ಅಷ್ಟೇ."

ಮಾರನೇ ದಿನ ಶಾಲೆಗೆ ರಜೆ ಹಾಕಿ, ತಮ್ಮನ ಜೊತೆ ಹೋಗಿ ಗ್ಯಾರೇಜಿನಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಬಿಚ್ಚಿದ ಭಾಗಗಳಿಗೆಲ್ಲ ನನ್ನ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ ಇಟ್ಟೆ. ಬೇರೆ ಗಾಡಿಯ ಸವೆದ ಸಾಮಾನು ತಂದು ತೋರಿಸಿಬಿಟ್ಟರೆ? ಆತ ಅದನ್ನು ನೋಡಿಯೂ ಸ್ಪ್ಯಾನರ್ ತಿರುಗಿಸುತ್ತಲೇ ಇದ್ದ. ಹೆಡ್ ಎತ್ತಿದ ಮೇಲೆ ತಾನೇ ಕರೆದು, "ಒಳಗೆ ಬೆರಳಾಡಿಸಿ" ಅಂದ. ಬೋರು, ಅಂದರೆ ಸಿಲಿಂಡರಿನ ಒಳಗೋಡೆ, ನುಣ್ಣಗಿತ್ತು, ಉಗುರಿಗೆ ಎಲ್ಲೂ ಸವೆತದ ಏಣು ಸಿಗಲಿಲ್ಲ. ಒಂದು ವಾಲ್ವಿನ ಅಂಚು ಸುಟ್ಟಿತ್ತು, ಎಣ್ಣೆ ತಡೆಯುವ ಸೀಲುಗಳು ಕಲ್ಲಾಗಿದ್ದವು.

"ಬೋರು ಚೆನ್ನಾಗೈತೆ. ಹೆಡ್ ಕೆಲ್ಸ ಮಾಡಿದ್ರೆ ಸಾಕು" ಅಂದ.

"ಮತ್ತೆ ಪೂರಾ ಇಳಿಸ್ಬೇಕು ಅಂತ ಯಾಕಂದ್ರಿ?"

ಆತ ತಮ್ಮನ ಕಡೆ ನೋಡಿದ. "ನಿಮ್ಮಪ್ಪ ಹೇಳಿದ್ರು. ಗಾಡಿ ಮಗಳಿಗೆ ಹೋಗ್ತದೆ, ಒಬ್ಳೇ ಓಡಾಡ್ತಾಳೆ, ದಾರೀಲಿ ನಿಲ್ಬಾರ್ದು, ಎಲ್ಲಾ ಬಿಚ್ಚಿ ಮಾಡ್ಕೊಡು ಅಂತ. ನಿಮ್ಗೆ ಹೇಳ್ಬೇಡ ಅಂದಿದ್ರು."

"ನಂಗೂ ಅಂಗೇ ಹೇಳಿದ್ರು ಕಣಕ್ಕಾ" ಅಂದ ತಮ್ಮ, ನೆಲ ನೋಡುತ್ತಾ.

ನಂಬಲು ಆಸೆಯಾಯಿತು. ಆದರೂ ಒಂದು ಮಾತು ಕೊರೆಯುತ್ತಲೇ ಇತ್ತು. ಬದುಕಿರುವವರೆಗೂ ಅಪ್ಪ ನನಗೆ ಆ ಸ್ಟೀರಿಂಗ್ ಮುಟ್ಟಲು ಬಿಟ್ಟವರಲ್ಲ. ಅಂಥವರು ಹೀಗೆ ಹೇಳಿರುತ್ತಾರಾ? ಸಿಕ್ಕಿಬಿದ್ದ ಇಬ್ಬರೂ ಸೇರಿ ಕಟ್ಟಿದ ಕತೆಯಾ?

ಹೆಡ್ ಕೆಲಸ ಅಷ್ಟೇ ಮಾಡಿಸಿದೆ. ಹೊಗೆ ನಿಂತಿತು. ಈಗ ಪಾವಗಡದವರೆಗೂ ಒಬ್ಬಳೇ ಓಡಿಸುತ್ತೇನೆ. ತಮ್ಮ ಹಬ್ಬಕ್ಕೆ ಬಂದಾಗ ಊಟಕ್ಕೆ ಬಡಿಸುತ್ತಾ, "ಅಪ್ಪ ನಿಜವಾಗ್ಲೂ ಹಾಗಂದ್ರೇನೋ?" ಅಂತ ಕೇಳಿದೆ.

"ಇನ್ನೂ ಅನುಮಾನಾನಾ?" ಅಂದವನು ಸಾರು ಹಾಕಿಸಿಕೊಳ್ಳಲು ತಟ್ಟೆ ಮುಂದೆ ಮಾಡಿದ. ಒಂದು ಸೌಟು ಹಾಕಿದೆ, ಅನುಮಾನ ಮಾತ್ರ ಇನ್ನೂ ಹೋಗಿಲ್ಲ.