ಭಟ್ಟಿಯ ಮುಂದೆ ನಿಂತವನು

ಮೊನ್ನೆ ಉದ್ಯಮಬಾಗದ ಕಾರ್ಖಾನೆಗಳ ಹತ್ತಿರ ನಾನು ಕೂತಿದ್ದ ರಿಕ್ಷಾ ಕೆಟ್ಟು ನಿಂತಿತು. ಚಾಲಕ ಅದರ ಹೊಟ್ಟೆಗೆ ಕೈ ಹಾಕಿ ಕೂತ. ಅಷ್ಟರಲ್ಲಿ ಸುಟ್ಟ ಮರಳಿನ ವಾಸನೆ ಬಂತು. ಎರಕದ ಕಾರ್ಖಾನೆ ಕಂಡಿಲ್ಲದ ನಿಮಗೆ ಅದನ್ನು ಹೇಗೆ ಹೇಳಲಿ? ಕಾದ ಹಂಚಿನ ಮೇಲೆ ಬೆಲ್ಲ ಚೆಲ್ಲಿ ಮರೆತರೆ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ನನಗೆ ಕಾಕಾ ನೆನಪಾದರು.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಎಪ್ಪತ್ತರ ದಶಕದ ಕೊನೆಗೆ ಅಂಥದೇ ಒಂದು ಕಾರ್ಖಾನೆಯ ಮ್ಯಾನೇಜರ್ ಆಗಿದ್ದರು. ಇದೇ ಊರಿನ ಶಹಾಪುರ ಭಾಗದ ಅವರ ಮನೆಯಲ್ಲೇ ನನ್ನ ವಾಸ, ಅವರ ಆಫೀಸಿನಲ್ಲೇ ಟೈಪಿಸ್ಟ್ ಕೆಲಸ. ನಾನು ಒಂದು ಪತ್ರ ಮುಗಿಸುವಷ್ಟರಲ್ಲಿ ಹಾಳೆಗಳ ರಾಶಿ ಕಸದ ಬುಟ್ಟಿ ಸೇರುತ್ತಿತ್ತು. ಕಾಕಾ ಬೈಯುತ್ತಿರಲಿಲ್ಲ. ಇಷ್ಟಲಿಂಗ ಪೂಜೆಯಾಗದೆ ನೀರು ಮುಟ್ಟದ, ಯಾರ ಮೇಲೂ ದನಿ ಏರಿಸದ ಮನುಷ್ಯ. ಕೆಲಸಗಾರರಿಗೆಲ್ಲ ವಿಮೆ ಆಗಲೇಬೇಕೆಂದು ಮಾಲೀಕರೊಡನೆ ಹಟ ಹಿಡಿದವರೂ ಅವರೇ. ವಿಮೆ ಇದ್ದವರಿಗೆ ಮೈಗೆ ಹುಷಾರಿಲ್ಲದಿದ್ದರೆ ಕಾರ್ಮಿಕರ ದವಾಖಾನೆಯಲ್ಲಿ ಔಷಧ, ಹೆಂಡತಿ ಮಕ್ಕಳಿಗೂ ಚಿಕಿತ್ಸೆ. ಫ್ಯಾನಿನ ಕೆಳಗೆ ಕೂತು ಹಾಳೆ ಕೆಡಿಸುವ ನನಗೂ ವಿಮೆಯಾಗಿತ್ತು.

ಬಸ್ತ್ಯಾಂವನಿಗೆ ಆಗಿರಲಿಲ್ಲ.

ಬಸ್ತ್ಯಾಂವ ಖಾನಾಪುರದ ಕಡೆಯ ಸಿದ್ದಿ. ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗುಗಳಲ್ಲಿ ತಂದು ಮಾರಿದ ಜನರ ವಂಶ ಅವರದು. ಕಾಡಿನಂಚಿನಲ್ಲಿ ನೆಲೆಸಿ ತಲೆಮಾರುಗಳೇ ಕಳೆದಿವೆ. ಕನ್ನಡ, ಮರಾಠಿ, ಕೊಂಕಣಿ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಆಡುತ್ತಿದ್ದ. ನಗಿಸುವುದರಲ್ಲಿ ಗಟ್ಟಿಗ. ಅವನ ಕೆಲಸ ಕಬ್ಬಿಣ ಕರಗಿಸುವ ಭಟ್ಟಿಯ ಬಾಯಿಯ ಎದುರಿಗೆ, ಎಲ್ಲರಿಗಿಂತ ಬಿಸಿಯಾದ ಜಾಗದಲ್ಲಿ. ಅವನ ನಂತರ ಬಂದವರೆಲ್ಲ ಖಾಯಂ ಆದರು. ಅವನು ಮಾತ್ರ ಕಂತ್ರಾಟದಾರನ ಆಳಾಗಿಯೇ ಉಳಿದ.

ಒಂದು ದಿನ ಊಟಕ್ಕೆ ಕೂತಾಗ ಕಾರಣ ಕೇಳಿದೆ. ಕಾಕಾ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತ, ಮಳೆಯ ಸುದ್ದಿ ಹೇಳಿದಂತೆ ಹೇಳಿದರು.

"ಅವಗ ವಿಮಾ ಯಾಕವಾ? ಅವರ ಮೈನ ಬ್ಯಾರೆ. ಬೆಂಕಿ ತಡೀತೈತಿ. ಅವರಿಗೆ ಜಡ್ಡೂ ಬರೂದಿಲ್ಲ."

ದಿನವೂ ಬೆಳಿಗ್ಗೆ ಕೈಯಲ್ಲಿ ಲಿಂಗ ಹಿಡಿದು ಎಲ್ಲರೂ ಒಂದೇ ಎನ್ನುವ ಬಾಯಿ ಅದು.

ಆ ಬೇಸಿಗೆಯಲ್ಲಿ ಕರಗಿದ ಕಬ್ಬಿಣ ತುಂಬಿದ್ದ ಬಕೆಟ್ಟು ವಾಲಿ ಬಸ್ತ್ಯಾಂವನ ಕಾಲ ಮೇಲೆ ಚೆಲ್ಲಿತು. ಚರ್ಮದ ಬೂಟು ಖಾಯಂ ಕೆಲಸಗಾರರಿಗೆ ಮಾತ್ರ. ಅವನ ಕಾಲಲ್ಲಿ ಹಳೇ ಚಪ್ಪಲಿ. ಮರಳಿನ ಅಚ್ಚು ಕಟ್ಟುವ ಮಲ್ಲಪ್ಪನೂ ನಾನೂ ಅವನನ್ನು ಜೀಪಿನಲ್ಲಿ ಕಾರ್ಮಿಕರ ದವಾಖಾನೆಗೆ ಒಯ್ದೆವು. ಅಲ್ಲಿ ಕಿಟಕಿಯ ಹಿಂದಿನವನು ವಿಮೆ ಇದೆಯೇ ಎಂದು ಕೇಳಿದ. ಆಮೇಲೆ ಬಸ್ತ್ಯಾಂವನ ಮುಖ ನೋಡಿ, ಇವನು ಯಾವ ದೇಶದವನು ಎಂದ. ಹಲ್ಲು ಕಚ್ಚಿಕೊಂಡಿದ್ದ ಬಸ್ತ್ಯಾಂವ ತಾನೇ ಉತ್ತರ ಕೊಟ್ಟ.

"ಖಾನಾಪುರ ರೀ."

ವಿಮೆ ಇಲ್ಲವೆಂದು ಅಲ್ಲಿ ಸೇರಿಸಿಕೊಳ್ಳಲಿಲ್ಲ. ಸರಕಾರಿ ಆಸ್ಪತ್ರೆಗೆ ಒಯ್ದು, ಜನ ತುಂಬಿದ ವಾರ್ಡಿನಲ್ಲಿ ನೆಲದ ಮೇಲೆ ಮಲಗಿಸಿದೆವು.

ಮರುದಿನ ಕಾರ್ಖಾನೆಯಲ್ಲಿ ಯಾರೂ ಭಟ್ಟಿ ಹೊತ್ತಿಸಲಿಲ್ಲ. ಘೋಷಣೆ ಇಲ್ಲ, ಜಗಳ ಇಲ್ಲ. ಮಲ್ಲಪ್ಪ ಕಾಕಾನ ಮುಂದೆ ಟೊಪ್ಪಿಗೆ ತೆಗೆದು ನಿಂತು, ಬಸ್ತ್ಯಾಂವನ ಹೆಸರು ವಿಮೆಗೆ ಸೇರಿದ ಮೇಲೇ ಬೆಂಕಿ ಎಂದು ಹೇಳಿ, ಹೋಗಿ ಮರಳಿನ ಗುಡ್ಡೆಯ ಮೇಲೆ ಕೂತ. ಉಳಿದವರೂ ಹೋಗಿ ಅವನ ಪಕ್ಕ ಕೂತರು.

ಬಸ್ತ್ಯಾಂವನಿಂದಲೇ ಅವರಿಗೆ ಬುದ್ಧಿ ಹೇಳಿಸೋಣವೆಂದು ಕಾಕಾ ಆಸ್ಪತ್ರೆಗೆ ಹೊರಟರು. ನಾನೂ ಹೋದೆ. ನರ್ಸ್ ಗಾಯದ ಪಟ್ಟಿ ಬಿಚ್ಚುತ್ತಿದ್ದಳು. ಬಟ್ಟೆಯ ಜೊತೆಗೆ ಚರ್ಮವೂ ಏಳುತ್ತಿತ್ತು. ಎಲ್ಲರನ್ನೂ ನಗಿಸುತ್ತಿದ್ದ ಆ ಆಳು ತಾಯಿಯನ್ನು ಕೂಗಿ ಚೀರುತ್ತಿದ್ದ. ಖಾನಾಪುರದಿಂದ ಬೆಳಗಿನ ರೈಲಿಗೆ ಬಂದಿದ್ದ ಅವನ ಹೆಂಡತಿ ಫಿಲೋಮಿನಾ ಅವನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು.

ಕಾಕಾ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಮುಖದಲ್ಲಿ ಕಂಡದ್ದು ಬರೀ ಬೆರಗು.

"ಅವಗ ಇಷ್ಟ ನೋವಾಗತೈತೇನವಾ?" ಎಂದು ಫಿಲೋಮಿನಾಳನ್ನು ಕೇಳಿದರು.

ಅವಳು ತಲೆ ಎತ್ತಲಿಲ್ಲ. "ಆಗತೈತ್ರಿ ಸಾಹೇಬ್ರ. ಮೊದಲಿಂದನೂ ಆಗತಿತ್ರಿ. ನೀವು ಕೇಳಿದ್ದು ಇವತ್ತ."

ಅದೇ ದಿನ ಕಾಕಾ ಅವನ ಹೆಸರು ಸೇರಿಸಿದರು. ಭಟ್ಟಿ ಹೊತ್ತಿತು. ಕಾಲು ಉಳಿಯಿತು, ಬೆರಳುಗಳು ಹೋದವು. ಎಂಬತ್ತರ ದಶಕದ ಮೊದಲಲ್ಲಿ ಫಿಲೋಮಿನಾಳ ಹೆರಿಗೆ ಅದೇ ಕಾರ್ಮಿಕರ ದವಾಖಾನೆಯಲ್ಲಿ, ಹಾಸಿಗೆಯ ಮೇಲೆ ಆಯಿತು. ಕಾಕಾ ಮಾತ್ರ ಆಸ್ಪತ್ರೆಯಲ್ಲಿ ತಾವು ಕೇಳಿದ ಆ ಪ್ರಶ್ನೆಯ ಬಗ್ಗೆ ಸಾಯುವ ತನಕ ಮಾತೆತ್ತಲಿಲ್ಲ. ಅವರು ಕೆಟ್ಟವರಾಗಿದ್ದರೆ ನಾನು ಬೈದು ಮರೆತುಬಿಡುತ್ತಿದ್ದೆ. ಅವರು ಅದನ್ನು ಪ್ರಾಮಾಣಿಕವಾಗಿ ಕೇಳಿದ್ದರು. ನಾನು ಇಂದಿಗೂ ಮರೆಯದಿರುವುದು ಅದಕ್ಕೇ.

ಚಾಲಕ ರಿಕ್ಷಾದ ಜೊತೆ ಇನ್ನೂ ಗುದ್ದಾಡುತ್ತಿದ್ದ. ನಾನು ಇಳಿದು ಕಾರ್ಖಾನೆಯ ಎದುರಿನ ಚಹಾ ಅಂಗಡಿಗೆ ಹೋದೆ. ಮೈತುಂಬ ಮಸಿಯಾದ ಒಬ್ಬ ಕೆಲಸಗಾರ ಚಹಾದ ಬಸಿ ಹಿಡಿದು ಕೂತಿದ್ದ. ದೂರದ ಯಾವುದೋ ರಾಜ್ಯದವನು, ಹಿಂದಿ ಮಾತಾಡುವವನು. ವಿಮೆ ಇದೆಯೇನಪ್ಪಾ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವನು ನಕ್ಕು, ಖಾಯಂ ಆದವರಿಗೆ ಇದೆ, ತಮ್ಮಂಥವರಿಗೆ ಮುಂದೆ ಮಾಡಿಸುತ್ತಾರಂತೆ ಎಂದ.

ಅಷ್ಟರಲ್ಲಿ ರಿಕ್ಷಾ ಶುರುವಾಯಿತು, ಚಾಲಕ ಕೂಗಿದ. ಅವನಿಗೆ ಸ್ವಲ್ಪ ನಿಲ್ಲಲು ಕೈಮಾಡಿ, ರಸ್ತೆ ದಾಟಿ, ಮ್ಯಾನೇಜರ್ ಒಳಗಿದ್ದಾರೆಯೇ ಎಂದು ಗೇಟಿನವನನ್ನು ಕೇಳಿದೆ.