ಬೀಗದಕ್ಕ ಮತ್ತು ಮುದುಕನ ‘ಹೂಂ’

ಬೀಗದಕ್ಕ ಅಂದರೆ ಬೀಗ ರಿಪೇರಿಯವಳೆಂದು ತಿಳಿದು, ಕೀಲಿ ಕಳೆದುಕೊಂಡವರು ಅವಳ ಗಂಡನ ಬೇಕರಿಗೆ ಬಂದು ವಿಚಾರಿಸುವುದುಂಟು. ಅವಳೋ, ಬೇಕರಿಯ ಹಿಂದಿನ ಕೋಣೆಯಲ್ಲಿ ಮೈದಾ ಮೂಟೆಗಳ ನಡುವೆ ಕಂಪ್ಯೂಟರ್ ಇಟ್ಟುಕೊಂಡು, ಜಗತ್ತೆಲ್ಲ ಪುಕ್ಕಟೆ ಬಳಸುವ ಆಪರೇಟಿಂಗ್ ಸಿಸ್ಟಮ್ಮಿನ ಫೈಲ್ ಬೀಗದ ಕೋಡ್ ನೋಡಿಕೊಳ್ಳುವವಳು. ಒಂದು ಪ್ರೋಗ್ರಾಮು ಫೈಲಿನಲ್ಲಿ ಬರೆಯುತ್ತಿರುವಾಗ ಇನ್ನೊಂದು ನುಗ್ಗಬಾರದು. ಬಚ್ಚಲಿಗೆ ಚಿಲಕ ಇದ್ದ ಹಾಗೆ, ಅಷ್ಟೇ. ಸಂಬಳ ಸೊನ್ನೆ, ಬೈಗುಳ ಧಾರಾಳ.

ಆ ಕೋಡಿಗೆ ಹೊಣೆಗಾರರು ಇಬ್ಬರು: ಇವಳು, ಮತ್ತು ಅದನ್ನು ಮೊದಲು ಬರೆದು, ಇವಳಿಗೂ ಕೆಲಸ ಕಲಿಸಿದ ದೂರದೂರಿನ ಮುದುಕ. ಒಬ್ಬರ ಬದಲಾವಣೆಗೆ ಇನ್ನೊಬ್ಬರು ‘ಹೂಂ’ ಅನ್ನಬೇಕು.

ಈ ಸಲ ಬೀಗದಕ್ಕ ಇಡೀ ಕೋಡನ್ನೇ ಬಿಚ್ಚಿ ಜೋಡಿಸಿದ್ದಳು. ಅದನ್ನು ನೆಚ್ಚಿಕೊಂಡ ಹತ್ತಾರು ತಂಡಗಳ ಕೋಡೂ ಒಟ್ಟಿಗೇ ಬದಲಾಗಬೇಕು. ಒಬ್ಬೊಬ್ಬರ ಕೈಕಾಲು ಹಿಡಿದು, ಜಗಳವಾಡಿ, ಎಲ್ಲರನ್ನೂ ಒಪ್ಪಿಸಿದಳು. ಭಾನುವಾರ ಸಂಜೆಯೊಳಗೆ ಹೊಸ ಕೋಡನ್ನು ಸಿಸ್ಟಮ್ಮಿಗೆ ಸೇರಿಸದಿದ್ದರೆ ಅವರವರ ಕೋಡು ಮುಂದೆ ಓಡಿ, ಇವಳದು ಅದಕ್ಕೆ ಹೊಂದದೆ, ವರ್ಷದ ದುಡಿಮೆ ಹಾಳು. ಮುದುಕನ ‘ಹೂಂ’ ಮಾತ್ರ ಇನ್ನೂ ಬಂದಿಲ್ಲ.

“ಫೋನ್ ಮಾಡಿ ಕೇಳ್ಬಾರದಾ?” ಅಂದ ಗಂಡ, ಬನ್ನಿನ ತಟ್ಟೆ ಇಳಿಸುತ್ತ.

“ನಮ್ಮಲ್ಲಿ ಫೋನ್ ಮಾಡಲ್ಲ ರೀ. ಏನಿದ್ರೂ ಮೇಲ್‌ನಲ್ಲೇ, ಎಲ್ಲರ ಎದುರಿಗೆ.”

“ಭಾರೀ ಮಡಿವಂತರು ನೀವು!”

ಭಾನುವಾರ ಮಧ್ಯಾಹ್ನ ಬೀಗದಕ್ಕ ಮಡಿ ಬಿಟ್ಟು ಫೋನ್ ಮಾಡಿದಳು.

“ನಾನು ನೋಡಿ ವಾರ ಆಯ್ತಲ್ಲಮ್ಮ, ಚೆನ್ನಾಗಿದೆ,” ಅಂದ ಮುದುಕ. “ನೀನು ‘ಸೇರಿಸ್ತೀನಿ’ ಅಂದ್ಮೇಲೆ ಹೂಂ ಅನ್ನೋಣ ಅಂತ ಕೂತಿದ್ದೆ.”

“ಅಯ್ಯೋ ಸಾರ್, ನೀವು ಹೂಂ ಅಂದ್ಮೇಲೆ ಸೇರಿಸೋಣ ಅಂತ ನಾನು ಕೂತಿದ್ದೆ!”

ಹೀಗೆ ಒಂದನ್ನೊಂದು ಕಾಯುತ್ತ ಕೂತುಬಿಡುವ ಪ್ರೋಗ್ರಾಮುಗಳನ್ನು ಪತ್ತೆ ಹಚ್ಚಿ, ಒಂದರ ಕತ್ತು ಹಿಡಿದು ಆಚೆ ದಬ್ಬುವುದೇ ಈ ಇಬ್ಬರ ಕಸುಬು! ಇಬ್ಬರೂ ಬಿದ್ದು ಬಿದ್ದು ನಕ್ಕರು.

ನಗು ನಿಂತಮೇಲೆ ಮುದುಕ ಅಂದ: “ಹಾಗಾದ್ರೆ ನನ್ನನ್ನೇ ದಬ್ಬು. ಹೊಣೆಗಾರರ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡು. ಇನ್ನು ಯಾರ ಹೂಂಗೂ ಕಾಯ್ಬೇಡ.”

“ಏನ್ ಸಾರ್ ತಮಾಷೆ! ನಮ್ಮ ಕೋಡಿನ ನಿಯಮದ ಪ್ರಕಾರ ಕೊನೆಗೆ ಬಂದೋರು ಹೋಗ್ಬೇಕು. ಅದು ನಾನು.”

“ಆ ನಿಯಮ ಬರೆದೋನೇ ನಾನಲ್ವಾ? ಕಣ್ಣು ಸರಿಯಾಗಿ ಕಾಣಲ್ಲ ಕಣಮ್ಮ. ನಿನ್ನ ಕೋಡನ್ನ ಮೊಮ್ಮಗಳ ಕೈಲಿ ಓದಿಸಿ ಕೇಳಿದೆ.”

ಬೀಗದಕ್ಕ ಬೈದಳು, ಬೇಡಿಕೊಂಡಳು. ಮುದುಕ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ, ಫೋನಿನಲ್ಲಿ ಅವನು ‘ಚೆನ್ನಾಗಿದೆ’ ಅಂದದ್ದನ್ನೇ ‘ಹೂಂ’ ಅಂದುಕೊಂಡು, ವರ್ಷದ ದುಡಿಮೆಯನ್ನು ಸೇರಿಸಿದಳು. ಆಮೇಲೆ ಅಳುತ್ತಲೇ ಇನ್ನೊಂದು ಬದಲಾವಣೆ ಬರೆದಳು: ಒಂದೇ ಸಾಲು, ಮುದುಕನ ಹೆಸರು ಅಳಿಸುವುದು. ಅದಕ್ಕೂ ಅವನ ಒಪ್ಪಿಗೆ ಬೇಕಲ್ಲ, ಕಳಿಸಿದಳು.

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಉತ್ತರ ಬಂತು: ‘ಹೂಂ.’