ರಘು ಚಿಕ್ಕಪ್ಪನ ಗಡಿಯಾರ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಅರ್ಧ ದೇವರ ಮನೆ, ಅರ್ಧ ರೇಡಿಯೋ ರಿಪೇರಿ ಅಂಗಡಿ. ಗಿರಿಜತ್ತೆ ತೀರಿಕೊಂಡ ಮೇಲೆ ವಿನೋಬನಗರದ ಅವಳ ಮನೆ ಖಾಲಿ ಮಾಡಲು ಹೋದವಳು ಕಪಾಟಿನಲ್ಲಿದ್ದ ತಗಡಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮುಖಕ್ಕೆ ಬಂತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಡಬ್ಬಿಯಲ್ಲಿ ಒಂದು ಗಟ್ಟಿ ರಾಳ, ಸುತ್ತಿಟ್ಟ ಬೆಸುಗೆ ತಂತಿ, ಹಸಿರು ಬಣ್ಣದ ಒಂದು ಹಳೆಯ ಇಂಕು ಪೆನ್ನು. ಅದು ಬರೆಯುವ ಪೆನ್ನಲ್ಲ. ನಿಬ್ಬಿನ ಜಾಗದಲ್ಲಿ ಸೂಜಿ, ಬೆನ್ನ ಮೇಲೆ ಮೂರು ಪುಟ್ಟ ದೀಪ, ಹಿಂದಿನಿಂದ ಇಳಿಬಿದ್ದ ಎರಡು ವೈರು. ಲಾಜಿಕ್ ಪ್ರೋಬ್ ಅನ್ನುತ್ತಾರೆ ಅದಕ್ಕೆ. ನನ್ನ ರಘು ಚಿಕ್ಕಪ್ಪ, ಗಿರಿಜತ್ತೆಯ ತಮ್ಮ, ಅದನ್ನು ಕೈಯಾರೆ ಮಾಡಿದ್ದ.

ಆಗ ನಾವೆಲ್ಲ ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಈಗ ಆ ಸಾಲಿನ ಮನೆಗಳಿಗೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ನಮ್ಮ ನಡುಮನೆಯಲ್ಲಿ ಗಿಡ ಬೆಳೆದಿದೆ. ಅದೇ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅಕ್ಕ ತಮ್ಮ ಕೂರುತ್ತಿದ್ದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದು ಅತ್ತೆ; ಅವಳ ಪುಸ್ತಕ ಕದ್ದು ಓದಿ ಅವಳಿಗಿಂತ ಮುಂದೆ ಹೋದವನು ಚಿಕ್ಕಪ್ಪ. ಊಟದ ತಟ್ಟೆಯಲ್ಲಿ ಐಸಿಗಳು, ಸಾಲು ಕಾಲಿನ ಪುಟ್ಟ ಕಪ್ಪು ಚಿಪ್ಪುಗಳು, ಕಾಲು ಮೇಲೆ ಮಾಡಿಕೊಂಡು ಬಿದ್ದಿರುತ್ತಿದ್ದವು. "ಈ ಜಿರಲೆಗಳನ್ನ ಉಣ್ಣೋ ತಟ್ಟೆಗೆ ಯಾಕೆ ಹಾಕ್ತೀರೋ?" ಎಂದು ಅಜ್ಜಿ ಬೈಯುತ್ತಿದ್ದಳು; ರಾಳದ ಹೊಗೆ ಎದ್ದಾಗ ಮಾತ್ರ ದೇವರ ಧೂಪವೇನೋ ಎಂಬಂತೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. ಆ ಪೆನ್ನಿನ ಸೂಜಿಯನ್ನು ಐಸಿಯ ಒಂದೊಂದು ಕಾಲಿಗೂ ಮುಟ್ಟಿಸುತ್ತ ಹೋಗಬೇಕು. ಕೆಂಪು ದೀಪ ಹತ್ತಿದರೆ ಅಲ್ಲಿ ಒಂದು, ಅಂದರೆ ಕರೆಂಟಿದೆ; ಹಸಿರು ಹತ್ತಿದರೆ ಸೊನ್ನೆ, ಅಂದರೆ ಇಲ್ಲ; ಹಳದಿ ಮಿನುಗಿದರೆ ಎರಡರ ನಡುವೆ ಓಡಾಟ ನಡೆದಿದೆ ಎಂದರ್ಥ. ಒಳಗೆ ಹೋಗುವ ಕಾಲಿನಲ್ಲಿ ಮಿನುಗು ಇದ್ದು ಹೊರಗೆ ಬರುವ ಕಾಲಿನಲ್ಲಿ ಇಲ್ಲದಿದ್ದರೆ ಐಸಿ ಸತ್ತಿದೆ. ಚಿಕ್ಕಪ್ಪ ವೈದ್ಯನ ಹಾಗೆ ಮುಖ ಸಣ್ಣ ಮಾಡಿ ನನ್ನ ಕಡೆ ನೋಡುತ್ತಿದ್ದ. ನಾನು ಹೋ ಎಂದು ಅಳುವ ನಾಟಕ ಮಾಡುತ್ತಿದ್ದೆ.

ಹಳೆಯ ರೇಡಿಯೋದ ಮರದ ಪೆಟ್ಟಿಗೆಯಲ್ಲಿ ಅವನೊಂದು ಗಡಿಯಾರ ಕಟ್ಟಿದ. ಕೆಂಪು ಅಂಕಿಗಳು ಕತ್ತಲಲ್ಲೂ ಉರಿಯುತ್ತಿದ್ದವು. ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೋದರು. ಪಕ್ಕದ ಮನೆಯ ಸೆಲ್ವಿ ಅಕ್ಕ ದೃಷ್ಟಿಯಾಗದಿರಲೆಂದು ಅದಕ್ಕೂ ಒಂದು ಕರಿ ಬೊಟ್ಟು ಇಟ್ಟಳು. ದೃಷ್ಟಿ ಗಡಿಯಾರಕ್ಕೆ ಆಗಲಿಲ್ಲ. ಆ ಬೇಸಿಗೆಯಲ್ಲೇ ಚಿಕ್ಕಪ್ಪನಿಗೆ ಕಾಮಾಲೆ ಹಿಡಿಯಿತು, ಔಷಧಿ ನಾಟಲಿಲ್ಲ, ಹೋಗಿಬಿಟ್ಟ.

ಅವನು ಹೋದ ಸ್ವಲ್ಪ ದಿನಕ್ಕೆ ಗಡಿಯಾರ ಹೊಸದೊಂದು ಆಟ ಶುರುವಿಟ್ಟುಕೊಂಡಿತು. ದೂಳು ಒರೆಸಲು ಅಜ್ಜಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು, ನಿಮಿಷದ ಅಂಕಿ ಪಟಪಟನೆ ಮುಂದೆ ಓಡಿತು. ಕೈ ತೆಗೆದಳು, ನಿಂತಿತು. ಅಜ್ಜಿಗೆ ಬೇರೆ ಏನೂ ಬೇಕಾಗಲಿಲ್ಲ. ಅಂದಿನಿಂದ ದಿನವೂ ಊಟಕ್ಕೆ ಕೂರುವ ಮೊದಲು ಗಡಿಯಾರದ ಮೇಲೆ ಕೈಯಿಟ್ಟು, "ರಘೂ, ಉಂಡ್ಯೇನಪ್ಪಾ?" ಎಂದು ಕೇಳುವಳು. ಅಂಕಿ ಓಡುವುದು. ಆಮೇಲೆ ತಾನು ಉಣ್ಣುವಳು. ನಾನೂ ಯಾರೂ ಇಲ್ಲದಾಗ ಕೈಯಿಟ್ಟು ಕೇಳುತ್ತಿದ್ದೆ. ನನಗೂ ಉತ್ತರ ಬರುತ್ತಿತ್ತು, ಬೆನ್ನು ಜುಮ್ಮೆನ್ನುತ್ತಿತ್ತು, ಭಯಕ್ಕಿಂತ ಹೆಚ್ಚಾಗಿ ಸಂತೋಷಕ್ಕೆ. ಅತ್ತೆಯೊಬ್ಬಳು ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. "ಅದು ಕೆಟ್ಟಿದೆ, ಅಷ್ಟೇ" ಅನ್ನುವಳು.

ಆಷಾಢದ ಥಂಡಿ ಹಿಡಿದಾಗ ಗಡಿಯಾರ ಸುಮ್ಮನಾಯಿತು. ಕೈಯಿಟ್ಟರೂ ಅಂಕಿ ಅಲುಗಲಿಲ್ಲ. ಮಗ ಮುನಿಸಿಕೊಂಡಿದ್ದಾನೆ, ಅವನು ಉಣ್ಣದೆ ನಾನು ಹೇಗೆ ಉಣ್ಣಲಿ ಎಂದು ಅಜ್ಜಿ ಅನ್ನ ಬಿಟ್ಟಳು. ಕಾಫಿ ಕೂಡ ಮುಟ್ಟಲಿಲ್ಲ. ಹೇಳುವವರು ಹೇಳಿ ಸೋತರು. ಅವಳು ಗೋಡೆ ಹಿಡಿದು ನಡೆಯುವ ಹಾಗಾದಾಗ ಅತ್ತೆ ಗಡಿಯಾರವನ್ನು ಇಳಿಸಿ, ಬೆನ್ನಿನ ಹಲಗೆ ಬಿಚ್ಚಿ, ಒಲೆಯ ಬಳಿ ಇಟ್ಟು ಥಂಡಿ ಆರಿಸಿದಳು. ಆಮೇಲೆ ಚಿಕ್ಕಪ್ಪನ ಪೆನ್ನನ್ನು ಕೈಗೆತ್ತಿಕೊಂಡಳು. ಅಜ್ಜಿ ಪಕ್ಕದಲ್ಲೇ ಕೂತಳು. ಕೆಂಪು, ಹಸಿರು, ಹಳದಿ, ಐಸಿಗಳೆಲ್ಲ ಜೀವದಿಂದಿದ್ದವು. ಒಂದು ಕಾಲಿಗೆ ಸೂಜಿ ಮುಟ್ಟಿಸಿದಾಗ ಮಾತ್ರ ಯಾವ ದೀಪವೂ ಹತ್ತಲಿಲ್ಲ. ಅತ್ತೆ ಇನ್ನೊಂದು ಕೈಯನ್ನು ಹತ್ತಿರ ತಂದಳು. ಹಳದಿ ಮಿನುಗಿತು.

"ಐಸಿ ಕೆಟ್ಟಿಲ್ಲಮ್ಮ. ನಿಮಿಷ ಮುಂದೆ ಮಾಡೋ ಕಾಲು ಇದು. ಇದನ್ನ ಸೊನ್ನೇಲಿ ಹಿಡಿದಿಡೋ ರೆಸಿಸ್ಟರ್ ಬೆಸುಗೆ ಬಿಟ್ಟಿದೆ. ಈಗ ಇದಕ್ಕೆ ಒಂದು ಅನ್ನೋರೂ ಇಲ್ಲ, ಸೊನ್ನೆ ಅನ್ನೋರೂ ಇಲ್ಲ. ಯಾರು ಹತ್ರ ಬಂದ್ರೂ ಬೆಚ್ಚುತ್ತೆ. ಥಂಡಿ ಕೂತಿದ್ದಕ್ಕೆ ಇಷ್ಟು ದಿನ ಸುಮ್ಮನಿತ್ತು."

"ಅಂದ್ರೆ ಅವನಲ್ವೇನೇ?"

"ಅಲ್ಲಮ್ಮ. ನಿನ್ನ ಕೈ."

ಅಜ್ಜಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಹಂಗಾರೆ ಅಂಟಿಸಿಬಿಡು ಗಿರಿಜಾ" ಎಂದಳು. ಬೆಸುಗೆ ಕಡ್ಡಿ ಕಾದು ಎಷ್ಟೋ ಹೊತ್ತಾಗಿತ್ತು, ಅತ್ತೆಯ ಕೈ ಏಳಲಿಲ್ಲ. "ಇನ್ನೂ ಯಾಕೆ ಕಾಯಿಸ್ತೀಯೇ ಮಾರಾಯ್ತಿ?" ಎಂದು ಅಜ್ಜಿಯೇ ಗದರಬೇಕಾಯಿತು. ರಾಳದ ಹೊಗೆ ಎದ್ದಿತು. ಈ ಸಲ ಅಜ್ಜಿ ಕೈ ಮುಗಿಯಲಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೊನೆಯ ಸಲ ಕೇಳಿದಳು. ಅಂಕಿ ಕದಲಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಹೋದ. ಇನ್ನು ಕರೀಬಾರದು" ಎಂದು ಎದ್ದು, ಅನ್ನ ಸಾರು ಕಲಸಿಕೊಂಡು ಉಂಡಳು. ನಾವೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು. ಆ ದಿನ ಊಟಕ್ಕೆ ಏಳದೆ ಉಳಿದವಳು ಅತ್ತೆ ಒಬ್ಬಳೇ.

ಅಜ್ಜಿ ಹೋದಳು, ಕ್ವಾರ್ಟರ್ಸ್ ಬಿಟ್ಟೆವು, ಅತ್ತೆ ಶಿವಮೊಗ್ಗಕ್ಕೆ ಬಂದು ವಿನೋಬನಗರದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಳು. ಗಡಿಯಾರ ಅವಳ ಮಲಗುವ ಕೋಣೆಯಲ್ಲಿತ್ತು. ನಾನು ಯಾವಾಗ ಹೋದರೂ ಅದು ಊರಿಗಿಂತ ಮುಂದೆಯೇ ಇರುತ್ತಿತ್ತು. "ಊರವರದ್ದೆಲ್ಲ ಸರಿ ಮಾಡ್ತೀಯ, ನಿಂದೇ ಸರಿಯಿಲ್ವಲ್ಲ ಅತ್ತೆ" ಎಂದು ರೇಗಿಸಿದರೆ, "ಹಳೇದಲ್ವೇನೇ, ಇರ್ಲಿ ಬಿಡು" ಎಂದು ಕಾಫಿಗೆ ಏಳುತ್ತಿದ್ದಳು. ಬೆಸುಗೆ ಮತ್ತೆ ಬಿಟ್ಟಿರಬೇಕು ಎಂದುಕೊಂಡು ನಾನು ಸುಮ್ಮನಾಗುತ್ತಿದ್ದೆ.

ಅವಳಿಲ್ಲದ ಆ ಮನೆಯಲ್ಲಿ ಗಡಿಯಾರದ ಹಲಗೆ ಬಿಚ್ಚಿದೆ. ಬೆಸುಗೆ ಬಿಟ್ಟಿರಲಿಲ್ಲ. ಅಂದು ಅವಳು ಹಾಕಿದ ಹನಿ ಇನ್ನೂ ಗುಂಡಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ರೆಸಿಸ್ಟರಿನ ಕಾಲನ್ನು ಕಟ್ಟರಿನಿಂದ ನೀಟಾಗಿ ಕತ್ತರಿಸಿ, ಎರಡು ತುದಿಗಳೂ ಎಂದೂ ಒಂದಕ್ಕೊಂದು ತಾಗದಂತೆ ದೂರ ಬಾಗಿಸಲಾಗಿತ್ತು. ಅದನ್ನು ಮಾಡುವವರು ನಮ್ಮ ಮನೆಯಲ್ಲಿ ಇನ್ಯಾರಿದ್ದರು? ಅಲ್ಲ ಎಂದು ಅಜ್ಜಿಗೆ ಹೇಳಿದವಳು, ಅಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು, ಇಷ್ಟು ವರ್ಷ ಬಾಗಿಲು ಮುಚ್ಚಿಕೊಂಡು ತಮ್ಮನನ್ನು ಏನು ಕೇಳುತ್ತಿದ್ದಳೋ. ಅವಳಿಗಾಗಿ ನನಗೆ ಅಳು ಬಂತು.

ಗಡಿಯಾರದಿಂದಲೇ ಪ್ರೋಬಿಗೆ ಕರೆಂಟು ಕೊಟ್ಟು ಸೂಜಿಯನ್ನು ಆ ಕಾಲಿಗೆ ಮುಟ್ಟಿಸಿದೆ. ಕೆಂಪೂ ಇಲ್ಲ, ಹಸಿರೂ ಇಲ್ಲ. ಇನ್ನೊಂದು ಕೈಯನ್ನು ಮೆಲ್ಲಗೆ ಹತ್ತಿರ ತಂದೆ.

"ಅತ್ತೆ, ಊಟ ಆಯ್ತಾ?"

ಹಳದಿ ಮಿನುಗಿತು. ಗಡಿಯಾರ ಒಂದು ನಿಮಿಷ ಮುಂದೆ ಹೋಯಿತು.